ನೂರಾ ಎಂಬತ್ತನಾಲ್ಕು ಬಾಯಿಗಳು

ಬೆಳಿಗ್ಗೆ ಹತ್ತೂವರೆಗೆ ಫ್ಯಾಕ್ಸ್ ಯಂತ್ರ ಕೆಮ್ಮಿ ಕೆಮ್ಮಿ ಒಂದು ಕಾಗದವನ್ನು ಹೊರಗೆ ಹಾಕಿತು. ಮಂಗಳೂರಿನಿಂದ ಬಂದದ್ದು, ಕಳಿಸಿದ ಕಚೇರಿಯ ಹೆಸರಿನ ಮೇಲೆ ಮಸಿ ಹರಡಿತ್ತು. ಅದರಲ್ಲಿದ್ದದ್ದು ಇಂಗ್ಲಿಷಿನ ಎರಡೇ ಸಾಲು: ಲೈಸೆನ್ಸ್‌ದಾರರ ಬಳಿ ಬಳಕೆಯಲ್ಲಿರುವ ಮಝಲ್ ಸಾಧನಗಳು ಎಷ್ಟು, ಯಾವ ಯಾವ ವಿಧದವು ಎಂಬುದನ್ನು ಸಂಜೆ ಐದರೊಳಗೆ ತಪ್ಪದೆ ತಿಳಿಸುವುದು.

ಗುರುವಾಯನಕೆರೆಯಿಂದ ಬಸ್ಸಿನಲ್ಲಿ ಹತ್ತು ನಿಮಿಷ ದೂರದ ಆ ಸರ್ಕಾರಿ ಕಚೇರಿಯಲ್ಲಿ ಲೈಸೆನ್ಸ್ ಎಂಬ ಶಬ್ದವಿದ್ದ ಕಾಗದವೆಲ್ಲ ಗುಮಾಸ್ತ ಧರ್ಣಪ್ಪನವರ ಮೇಜಿಗೇ ಬಂದು ಬೀಳುತ್ತಿತ್ತು. ಅವರು ಅದನ್ನು ಓದಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಮರುದಿನ ಶಿರ್ತಾಡಿಯ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ತೊಂಬತ್ತೊಂಬತ್ತರ ಚುನಾವಣೆಯ ಗಡಿಬಿಡಿಯಲ್ಲಿ ಯಾರಿಗೂ ರಜೆ ಇರಲಿಲ್ಲ. ಎರಡು ಸಲ ವಾಪಸು ಬಂದಿದ್ದ ರಜೆ ಅರ್ಜಿಯನ್ನು ಮೂರನೆಯ ಸಲ ಬರೆದು ಅವರು ಸಾಹೇಬರ ಮುಂದಿಟ್ಟಿದ್ದರು.

"ಮಝಲ್ ಅಂದ್ರೆ ಕೋವಿಯ ಬಾಯಿ," ಎಂದರು ಸಾಹೇಬರು, ಮೀಟಿಂಗಿಗೆ ಹೊರಡುವ ಜೀಪಿನಲ್ಲಿ ಒಂದು ಕಾಲಿಟ್ಟು. "ಕೋವಿ ಲೈಸೆನ್ಸ್‌ನ ವಿಚಾರ. ಬಾಯಿಗೆ ಏನು ಕೂಡಿಸಿದ್ದಾರೆ ಅಂತ ಕೇಳ್ತಾರೆ. ಇದೊಂದು ಕಳಿಸಿ, ಐದಕ್ಕೆ ಬಂದು ನಿಮ್ಮ ರಜೆಗೆ ಸಹಿ ಹಾಕ್ತೇನೆ."

"ಬಾಯಿಗೆ ಏನು ಕೂಡಿಸ್ತಾರೆ ಸಾರ್?"

ಜೀಪು ಹೋಗಿಯಾಗಿತ್ತು.

ಧರ್ಣಪ್ಪನವರು ಇಪ್ಪತ್ತೆರಡು ವರ್ಷದಿಂದ ಕೋವಿಗಳ ರಿಜಿಸ್ಟರು ಬರೆದವರು. ಕೋವಿ ಮುಟ್ಟಿದವರಲ್ಲ. ಟೈಪಿಸ್ಟ್ ಕಾಂತಿ ಬೆರಳು ನಿಲ್ಲಿಸದೆ ಹೇಳಿದಳು: "ಗುರುವಾಯನಕೆರೆಯಲ್ಲಿ ಬೈಕ್ ರಿಪೇರಿಯ ನಿಝಾರ್ ಇದ್ದಾನಲ್ಲ ಸಾರ್, ಅವನು ಗಲ್ಫ್‌ನಲ್ಲಿ ಒಂಬತ್ತು ವರ್ಷ ಯಾವುದೋ ಶೂಟಿಂಗ್ ಕ್ಲಬ್ಬಿನ ಬಂದೂಕು ಒರೆಸ್ತಾ ಇದ್ದದ್ದಂತೆ."

ನಿಝಾರ್ ಒಂದು ಬೈಕನ್ನು ಪೈಪಿನ ನೀರಿನಲ್ಲಿ ತೊಳೆಯುತ್ತಿದ್ದ. ಪಕ್ಕದ ಸ್ಟೂಲಿನಲ್ಲಿ ಅದರ ಯಜಮಾನ ಮಮ್ಮು ಬ್ಯಾರಿ ಕೂತಿದ್ದರು. ಪ್ರಶ್ನೆ ಕೇಳಿ ನಿಝಾರನ ಮುಖ ಅರಳಿತು. ಊರಿಗೆ ಬಂದ ಮೇಲೆ ಅವನ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ.

"ಮುಖ್ಯವಾಗಿ ನಾಲ್ಕು ಉಂಟು ಧರ್ಣಪ್ಪಣ್ಣ. ಈ ಪೈಪು ರೈಫಲ್ ಅಂತ ಗ್ರಹಿಸಿ, ನೀರು ಅಂದ್ರೆ ಗುಂಡಿನ ಹಿಂದೆ ಬರುವ ಗ್ಯಾಸು. ಒಂದನೆಯದು ಫ್ಲ್ಯಾಶ್ ಹೈಡರ್. ಬಾಯಲ್ಲಿ ಬೆಂಕಿ ಬರ್ತದಲ್ಲ, ಅದನ್ನು ಸೀಳಿ ಚಿಕ್ಕದು ಮಾಡ್ತದೆ. ಕತ್ತಲಲ್ಲಿ ಹೊಡೆದವನ ಕಣ್ಣು ಕುಕ್ಕುವುದಿಲ್ಲ."

"ಚಿಮಿಣಿ ದೀಪದ ಗ್ಲಾಸಿನ ಹಾಗೆ," ಎಂದರು ಮಮ್ಮು ಬ್ಯಾರಿ.

"ಹಾಗಲ್ಲ ಕಾಕ. ಎರಡನೆಯದು ಮಝಲ್ ಬ್ರೇಕ್. ಗ್ಯಾಸು ಎರಡೂ ಬದಿಗೆ ಹೋಗ್ತದೆ, ಹೆಗಲಿಗೆ ಒದೆತ ಕಮ್ಮಿ. ಆದ್ರೆ ಪಕ್ಕದಲ್ಲಿ ನಿಂತವನ ಗತಿ ನೋಡಿ." ನಿಝಾರ್ ಪೈಪಿನ ಬಾಯಿಗೆ ಬೆರಳು ಒತ್ತಿದ. ನೀರು ಎರಡೂ ಬದಿಗೆ ಚಿಮ್ಮಿ ಎಡಕ್ಕೆ ಮಮ್ಮು ಬ್ಯಾರಿಯನ್ನೂ ಬಲಕ್ಕೆ ಧರ್ಣಪ್ಪನವರನ್ನೂ ಸಮಾನವಾಗಿ ತೋಯಿಸಿತು.

"ಅರ್ಥ ಆಯ್ತು," ಎಂದರು ಧರ್ಣಪ್ಪನವರು, ಫೈಲನ್ನು ಬೆನ್ನ ಹಿಂದೆ ಹಿಡಿದು.

"ಮೂರನೆಯದು ಕಾಂಪೆನ್ಸೇಟರ್. ಇದಕ್ಕೆ ತೂತು ಮೇಲ್ಬದಿಗೆ. ಗ್ಯಾಸು ಮೇಲೆ ಹೋದ್ರೆ ಬಾಯಿ ಮೇಲೆ ಏಳುವುದಿಲ್ಲ."

ಈ ಸಲ ನೀರು ಮೇಲೆ ಹೋಯಿತು. ಮೇಲೆ ಹೋದದ್ದು ಕೆಳಗೆ ಬರುವಾಗ ಧರ್ಣಪ್ಪನವರು ಅಲ್ಲೇ ನಿಂತಿದ್ದರು.

"ನಾಲ್ಕನೆಯದು ಬಾಯಿಯಲ್ಲೇ ಹೇಳು ಮಾರಾಯ," ಎಂದರು ಅವರು.

"ಅದು ಸೈಲೆನ್ಸರ್. ಈ ಬೈಕಿನದ್ದೇ ಜಾತಿ. ಒಳಗೆ ಕೋಣೆ ಕೋಣೆ ಇರ್ತದೆ, ಗ್ಯಾಸು ಅಲ್ಲಿ ಸುತ್ತಿ ನಿಧಾನಕ್ಕೆ ಹೊರಗೆ ಬರ್ತದೆ. ಶಬ್ದ ಕಮ್ಮಿ ಆಗ್ತದೆ, ಸಿನೆಮಾದ ಹಾಗೆ ಪೂರ್ತಿ ಹೋಗುವುದಿಲ್ಲ. ನಮ್ಮ ಊರಿನ ಕೋವಿಗೆ ಇದ್ಯಾವುದೂ ಇಲ್ಲ ಅಣ್ಣ. ಬರೀ ತೂತು."

ಬರೀ ತೂತು ಎಂದು ಸರ್ಕಾರಕ್ಕೆ ಬರೆಯಲು ಬರುವುದಿಲ್ಲ, ಕಣ್ಣಲ್ಲಿ ನೋಡಬೇಕು. ಚುನಾವಣೆಯ ಕಾರಣ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಯಲ್ಲಿ ಜಮಾ ಆಗಿದ್ದದ್ದೇ ಅವರ ಪುಣ್ಯ. ಒದ್ದೆ ಅಂಗಿಯಲ್ಲಿ ಸೀನುತ್ತಾ ಹೋದ ಅವರಿಗೆ ಕಾನ್‌ಸ್ಟೇಬಲ್ ಹುಕ್ರಪ್ಪ ಕೋಣೆಯ ಬಾಗಿಲು ತೆರೆದ. ನೂರಾ ಎಂಬತ್ತನಾಲ್ಕು ಕೋವಿಗಳು ಹತ್ತತ್ತರ ಕಟ್ಟುಗಳಾಗಿ ಗೋಡೆಗೆ ಒರಗಿದ್ದವು. ಊಟ ಬಿಟ್ಟು ಅವರು ಒಂದೊಂದರ ಬಾಯಿಯನ್ನೂ ಹಲ್ಲಿನ ಡಾಕ್ಟರರ ಹಾಗೆ ಬದಿಯಿಂದ ನೋಡುತ್ತಾ ಹೋದರು. ಇಲ್ಲ. ಇಲ್ಲ. ಇಲ್ಲ.

ಕೊನೆಯ ಕಟ್ಟಿನಲ್ಲಿ ಒಂದು ಕೋವಿಯ ಬಾಯಿಗೆ ಕಂದು ಬಣ್ಣದ ಏನೋ ಬಿಗಿಯಾಗಿ ಕೂತಿತ್ತು.

"ಸೈಲೆನ್ಸರ್," ಎಂದು ಹುಕ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಸೈಲೆನ್ಸರ್‌ಗೆ ಒಳಗೆ ಕೋಣೆ ಇರ್ಬೇಕು ಹುಕ್ರಪ್ಪ. ಇದು ರಬ್ಬರು."

"ಅದನ್ನು ನೀವು ಹೇಳಿದ್ರೆ ಆಗುವುದಿಲ್ಲ. ಯಜಮಾನರನ್ನು ಕರೆಸುವ."

ಯಜಮಾನರು ಶಾಂತಿಪ್ರಸಾದರು. ಫೋನು ಮಾಡಿ ಕರೆಸುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಸುದ್ದಿ ಅಷ್ಟರಲ್ಲೇ ಹೊರಗೆ ಹೋಗಿ, ಬದಿಯ ಹೋಟೆಲಿನವರೆಲ್ಲ ಕಿಟಕಿಯಲ್ಲಿ ಇಣುಕುತ್ತಿದ್ದರು. ಬಿಳಿ ಪಂಚೆಯ ಆ ಮನುಷ್ಯ ತನ್ನ ಕೋವಿಯನ್ನು ನೋಡಿ, ಜನರನ್ನು ನೋಡಿ, ತಗ್ಗಿದ ಸ್ವರದಲ್ಲಿ ಹೇಳಿದರು: "ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ತದೆ ಮಾರಾಯ್ರೆ. ಅದಕ್ಕೆ ನಮ್ಮ ಮನೆಯವಳು ಪದ್ಮಲತಾ ಮೊಮ್ಮಗುವಿನ ಬಾಟ್ಲಿಯ ನಿಪ್ಪಲ್ ಹಾಕಿದ್ದು."

ಇದು ನಿಝಾರ್ ಹೇಳಿದ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ ಎಂಬ ಚಿಂತೆಯಲ್ಲೇ ಧರ್ಣಪ್ಪನವರು ಕಚೇರಿಗೆ ಬಂದರು. ಒಟ್ಟು ನೂರಾ ಎಂಬತ್ತನಾಲ್ಕು, ಫ್ಲ್ಯಾಶ್ ಹೈಡರ್ ಇಲ್ಲ, ಬ್ರೇಕ್ ಇಲ್ಲ, ಕಾಂಪೆನ್ಸೇಟರ್ ಇಲ್ಲ, ಸೈಲೆನ್ಸರ್ ಇಲ್ಲ, ಇತರೆ: ರಬ್ಬರ್ ನಿಪ್ಪಲ್ ಒಂದು. ಕಾಂತಿ ಟೈಪು ಮಾಡಿದಳು. ಐದಕ್ಕೆ ಐದು ನಿಮಿಷವಿರುವಾಗ ಫ್ಯಾಕ್ಸ್ ಹೋಯಿತು. ಸಾಹೇಬರು ಬಂದು ಶಾಭಾಸ್ ಎಂದು ರಜೆ ಅರ್ಜಿಯ ಮೇಲೆ ಪೆನ್ನು ಇಡುವಷ್ಟರಲ್ಲಿ ಫೋನು ಬಡಿಯಿತು. ಧರ್ಣಪ್ಪನವರು ಎತ್ತಿದರು.

"ನಿಮ್ಮ ಪಟ್ಟಿ ಬಂತು," ಎಂದಿತು ಮಂಗಳೂರಿನ ಸ್ವರ. "ಆ ನಾಲ್ಕು ಇಂಗ್ಲಿಷ್ ಹೆಸರು ನನಗೆ ಗೊತ್ತಾಗ್ಲಿಲ್ಲ, ಹೇಗೂ ಎಲ್ಲ ಇಲ್ಲ ಅಂತ ಉಂಟಲ್ಲ. ನೂರಾ ಎಂಬತ್ತಮೂರರ ಬಾಯಿಗೆ ಏನೂ ಇಲ್ಲ, ಒಂದಕ್ಕೆ ಮಾತ್ರ ನಿಪ್ಪಲ್. ಅದು ಸಣ್ಣ ಪ್ರಾಯದ್ದಾ?"

"ಅಲ್ಲ ಸಾರ್. ನಲವತ್ತೇಳು ವರ್ಷದ್ದು."

"ನಲವತ್ತೇಳು ವರ್ಷ ಹೇಗೆ ಉಳಿಯಿತು?"

"ಆಗಾಗ ಎಣ್ಣೆ ಹಾಕಿ ಒರೆಸ್ತಾರೆ ಸಾರ್."

"ಯಾರಿಗಾದ್ರೂ ಏನಾದ್ರೂ ಮಾಡಿದ್ದುಂಟಾ?"

"ಹಂದಿಗೆ ಒಂದು ಸಲ. ಈಗ ಭಯ ಇಲ್ಲ ಸಾರ್, ನೂರಾ ಎಂಬತ್ತನಾಲ್ಕನ್ನೂ ಠಾಣೆಯಲ್ಲಿ ಕಟ್ಟಿ ಇಟ್ಟಿದ್ದಾರೆ."

"ಠಾಣೆಯಲ್ಲಿ? ಊಟಕ್ಕೆ ಯಾರು ಹಾಕ್ತಾರೆ?"

ಧರ್ಣಪ್ಪನವರಿಗೆ ಸೀನು ಬಂತು. ಸೀನಿದ ಮೇಲೆ ಮೆಲ್ಲಗೆ ಕೇಳಿದರು: "ಸಾರ್, ನೀವು ಎಲ್ಲಿಂದ ಮಾತಾಡುವುದು?"

"ನಾನು ಪಶುವೈದ್ಯಾಧಿಕಾರಿ. ಹುಚ್ಚುನಾಯಿ ಕಾಟದ ಬಗ್ಗೆ ಮಾಹಿತಿ ಕೇಳಿದ್ದಲ್ಲವಾ? ಪಂಚಾಯತಿನ ಲೈಸೆನ್ಸ್ ಇರುವ ಸಾಕುನಾಯಿಗಳ ಮಝಲ್. ಬಾಯಿಗೆ ಕಟ್ಟುವ ಕುಕ್ಕೆ. ಚರ್ಮದ್ದಾ, ತಂತಿಯದ್ದಾ, ಬಟ್ಟೆಯದ್ದಾ ಅಂತ ಬೇಕು. ನಾಳೆ ಹನ್ನೊಂದಕ್ಕೆ ನಾನು ವರದಿ ಕೊಡ್ಬೇಕು."

ವಿಷಯ ಕೇಳಿದ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ರಜೆ ಅರ್ಜಿಯನ್ನು ಮಡಚಿ ಧರ್ಣಪ್ಪನವರ ಕೈಗೇ ಕೊಟ್ಟರು. "ನೀವು ಒಮ್ಮೆ ವಿಚಾರಿಸ್ಬೇಕಿತ್ತು. ಹೋಗಲಿ, ಬೆಳಿಗ್ಗೆ ಆರಕ್ಕೆ ಶುರು ಮಾಡಿ. ನಾಯಿಗಳು ಬೇಗ ಏಳ್ತವೆ."

ಬಸ್ಸು ಹತ್ತುವ ಮೊದಲು ಧರ್ಣಪ್ಪನವರು ಟೆಲಿಫೋನ್ ಬೂತಿನಿಂದ ಮನೆಗೆ ಫೋನು ಮಾಡಿದರು. ಹೆಂಡತಿ ಜಲಜಾಕ್ಷಿ ಎತ್ತಿದಳು.

"ರಜೆ ಸಿಕ್ಕಿತಾ?"

"ಇಲ್ಲ. ಬೆಳಿಗ್ಗೆ ನಾಯಿ ನೋಡ್ಲಿಕ್ಕೆ ಹೋಗ್ಬೇಕು."

"ಹುಡುಗನ ಕಡೆಯವರ ಹತ್ತಿರ ಏನಂತ ಹೇಳುವುದು?"

ಧರ್ಣಪ್ಪನವರು ಯೋಚಿಸಿದರು. ಬೂತಿನ ಮೆಟ್ಟಿಲಿನಲ್ಲಿ ಒಂದು ಬೀದಿನಾಯಿ ಮಲಗಿತ್ತು. ಬೆಳಗಿನಿಂದ ಬಾಯಿ ನೋಡಿ ನೋಡಿ ಕಣ್ಣಿಗೆ ಅದೇ ಅಭ್ಯಾಸವಾಗಿತ್ತು. ಅದರ ಬಾಯಿಯನ್ನೂ ನೋಡಿದರು. ಏನೂ ಇರಲಿಲ್ಲ.

"ಹುಡುಗಿಯ ಅಪ್ಪ ಮದುವೆ ದಿನ ಬರ್ತಾರೆ ಅಂತ ಹೇಳು," ಎಂದರು.