ಒಂದು ಭಾನುವಾರ ಹೋಗೋಣ

ಧೈರ್ಯದ ಬಗ್ಗೆ ನನಗೆ ತಿಳಿದಿರುವುದೆಲ್ಲ ಬೇರೆಯವರು ಹೇಳಿದ್ದು. ಹೆದರಿಕೆ ಮಾತ್ರ ಸ್ವಂತ ಸಂಪಾದನೆ. ನಾಯಿ, ಸಿಡಿಲು, ಹಲ್ಲಿನ ಡಾಕ್ಟರು, ಬಾಗಿಲು ಮುಚ್ಚದೆ ಓಡುವ ಬಸ್ಸು, ಇವಕ್ಕೆ ಊರಿನವರೆಲ್ಲ ಹೆದರುತ್ತಾರೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನನ್ನದೇ ಅಂತ ಹೇಳಿಕೊಳ್ಳಬಹುದಾದದ್ದು ಎತ್ತರದ ಹೆದರಿಕೆ. ಮಧುಗಿರಿಯ ಪೇಟೆಯಲ್ಲಿ ನನ್ನದೊಂದು ಬಣ್ಣದ ಅಂಗಡಿ. ಮೇಲಿನ ಅಟ್ಟದಲ್ಲಿರುವ ಡಬ್ಬ ಯಾರಾದರೂ ಕೇಳಿದರೆ ಏಣಿಯ ಕಡೆ ಒಮ್ಮೆ ನೋಡಿ, ‘ಆ ಬಣ್ಣ ಈಗ ಬರ್ತಿಲ್ಲ’ ಎಂದುಬಿಡುತ್ತೇನೆ. ನಮ್ಮ ಬೀದಿಯ ಮನೆಗಳೆಲ್ಲ ಕೆನೆ ಬಣ್ಣದಲ್ಲಿರುವುದನ್ನು ನೋಡಿ ಹೊರಗಿನವರು ಜನರ ಅಭಿರುಚಿಯನ್ನು ಮೆಚ್ಚುತ್ತಾರೆ. ಕೆನೆ ಬಣ್ಣದ ಡಬ್ಬಗಳು ಕೆಳಗಿನ ಸಾಲಿನಲ್ಲಿವೆ, ಅಷ್ಟೇ ವಿಷಯ. ಇಂಥವನು ಹುಟ್ಟಬೇಕಾದ ಊರು ಇದಲ್ಲ. ಇಲ್ಲಿ ಯಾವ ಬೀದಿಯ ಕೊನೆಗೆ ಹೋದರೂ ಆ ಬೆಟ್ಟ, ಒಂದೇ ಕಲ್ಲು, ಬೋಳು ಬೆನ್ನು ತಿರುಗಿಸಿ ಕೂತಿರುತ್ತದೆ. ಅದು ಕಾಣುವ ನಮ್ಮ ಅಡುಗೆಮನೆ ಕಿಟಕಿಗೆ ಕ್ಯಾಲೆಂಡರ್ ತೂಗುಹಾಕಿದ್ದೇನೆ.

ಆ ಬೆಟ್ಟವನ್ನೇ ನೋಡಿ ನಮ್ಮ ಮಹಡಿಯನ್ನು ಬಾಡಿಗೆಗೆ ಹಿಡಿದವರು ಯಾನ್ ಮತ್ತು ಮಾರಿಕೆ ಎಂಬ ಗಂಡಹೆಂಡಿರು. ಹಾಲೆಂಡಿನವರು. ಪಾವಗಡದಾಚೆ ತಿರುಮಣಿ ಕಡೆಯ ಸೋಲಾರ್ ಪಾರ್ಕಿನಲ್ಲಿ ಇಬ್ಬರೂ ಇಂಜಿನಿಯರುಗಳು. ವಾರವೆಲ್ಲ ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದು ಶುಕ್ರವಾರ ಸಂಜೆ ನಮ್ಮಲ್ಲಿಗೆ ಬರುತ್ತಾರೆ. ತಮ್ಮ ದೇಶದಲ್ಲಿ ಹತ್ತುವುದಕ್ಕೆ ಮೆಟ್ಟಿಲು ಬಿಟ್ಟರೆ ಬೇರೇನೂ ಇಲ್ಲ ಎಂದು ಯಾನ್ ಮೊದಲ ದಿನವೇ ಹೇಳಿದ. ಆ ದೇಶಕ್ಕೆ ವೀಸಾ ಹೇಗೆ ಸಿಗುತ್ತದೆ ಎಂದು ನಾನು ಮನಸ್ಸಿನಲ್ಲೇ ಯೋಚಿಸಿದೆ.

ಪರದೇಶಕ್ಕೆ ಬಂದವರು ಮೂಲೆಯಲ್ಲಿ ಕೂತು ಮನೆಯ ನೆನಪು ಮಾಡಿಕೊಂಡು ಕೊರಗುತ್ತಾರೆ ಎಂಬ ನನ್ನ ತಿಳುವಳಿಕೆಯನ್ನು ಈ ಇಬ್ಬರು ಒಂದೇ ತಿಂಗಳಲ್ಲಿ ಹಾಳು ಮಾಡಿದರು. ರಜೆಯ ಬೆಳಿಗ್ಗೆ ನಮ್ಮೂರ ಕಾಲೇಜು ಮೈದಾನದಲ್ಲಿ ಶಟಲ್ ಆಡುವ ಗುಂಪಿನಲ್ಲಿ ಯಾನ್ ಸೇರಿಕೊಂಡ. ಸೋಲಾರ್ ಪಾರ್ಕಿನ ಪಕ್ಕದ ರಾಯಚರ್ಲುವಿನ ವಾಲಿಬಾಲ್ ತಂಡದಲ್ಲಿ ಮಾರಿಕೆ ನೆಟ್ಟಿನ ಪಕ್ಕ ನಿಂತರೆ ಹುಡುಗರೆಲ್ಲ ‘ಮಾರಕ್ಕಾ, ಕೊಟ್ಟು, ಕೊಟ್ಟು’ ಎಂದು ತೆಲುಗಿನಲ್ಲಿ ಹೊಡೆಯಲು ಹುರಿದುಂಬಿಸುತ್ತಾರಂತೆ. ಹಳ್ಳಿಯ ಮಾರಮ್ಮನಿಗೆ ಹತ್ತಿರವಾದ ಆ ಹೆಸರು ಅವಳಿಗೇ ನಿಂತುಬಿಟ್ಟಿತು. ಶಿರಾದಲ್ಲಿ ಟೈರಿನ ಅಂಗಡಿಯ ಭಾಯ್ ಒಬ್ಬರ ಮನೆಯಲ್ಲಿ ಇವರಿಗೆ ಖಾಯಂ ಬಿರಿಯಾನಿ. ಕೊರಟಗೆರೆಯ ಮದುವೆಗಳಲ್ಲಿ ಇವರು ಗಂಡಿನ ಕಡೆಯೂ ಹೌದು, ಹೆಣ್ಣಿನ ಕಡೆಯೂ ಹೌದು. ಇಲ್ಲೇ ಹುಟ್ಟಿದ ನನ್ನನ್ನು ಪಕ್ಕದ ಬಡವನಹಳ್ಳಿ ದಾಟಿದರೆ ಕೇಳುವವರಿಲ್ಲ. ಕನ್ನಡವನ್ನು ಅವರು ಪ್ಯಾನೆಲ್ ತೊಳೆಯುವವರಿಂದಲೂ ಶಟಲ್ ಗುಂಪಿನಿಂದಲೂ ಕಲಿತಿದ್ದರಿಂದ, ಆರೂಕಾಲಡಿಯ ಆ ಬಿಳಿ ಮನುಷ್ಯ ಬಾಯಿ ತೆರೆದರೆ ನಮ್ಮ ಸಂತೆಯೇ ಕೇಳಿಸುತ್ತದೆ.

ತೊಂದರೆ ಶುರುವಾದದ್ದು ಒಂದು ಶನಿವಾರ ಸಂಜೆ. ಶನಿವಾರ ಎಂದು ಬರೆದ ಮೇಲೆ ಅನುಮಾನ ಬರುತ್ತಿದೆ. ಮರುದಿನ ಭಾನುವಾರ ಎಂಬ ಮಾತು ಮುಂದೆ ಬರುವುದರಿಂದ ಶನಿವಾರವನ್ನು ನಾನೇ ತಂದಿಟ್ಟಿರಬಹುದು. ಇರಲಿ. ನನ್ನ ಹೆಂಡತಿ ಮಂಗಳಾ ನಿಪ್ಪಟ್ಟು ಕೊಟ್ಟು ಕಳಿಸಿದ್ದಳು, ನಾನು ಮಹಡಿಗೆ ಹೋಗಿದ್ದೆ, ಬೆಟ್ಟಕ್ಕೆ ಬೆನ್ನು ಹಾಕಿಯೇ ಕೂತಿದ್ದೆ.

“ರುದ್ರಣ್ಣ, ನೀನು ಅದ್ರ ತುದಿ ನೋಡಿದೀಯಾ?” ಎಂದ ಯಾನ್.

“ನೋಡ್ದೆ ಇರ್ತೀನಾ? ಒಂಬತ್ತನೇ ಕ್ಲಾಸಲ್ಲೇ ಹತ್ತಿದ್ದೆ,” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಪ್ಪಟ್ಟು ಚೆನ್ನಾಗಿತ್ತು, ಗಾಳಿ ಚೆನ್ನಾಗಿತ್ತು, ಬಾಯಿ ಸಡಿಲವಾಯಿತು. “ಒಂದು ಭಾನುವಾರ ಎಲ್ಲಾರೂ ಹೋಗೋಣ ಬಿಡಿ,” ಎಂದೂ ಸೇರಿಸಿದೆ.

ನಮ್ಮ ಕಡೆ ಈ ಮಾತಿಗೆ ಏನರ್ಥ ಎಂದು ನಿಮಗೆ ವಿವರಿಸಬೇಕಾಗಿಲ್ಲ. ‘ಒಂದು ಭಾನುವಾರ ಹೋಗೋಣ’ ಎಂದರೆ ನಿಮ್ಮ ಮೇಲೆ ನನಗೆ ವಿಶ್ವಾಸವಿದೆ, ಸದ್ಯ ನಾವು ಎಲ್ಲಿಗೂ ಹೋಗುವುದಿಲ್ಲ ಎಂದು. ಕೇಳಿದವರು ‘ಹೋದ್ರಾಯ್ತು ಬಿಡಿ’ ಎನ್ನಬೇಕು. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ಹೀಗೆ ನಾನು ಎಷ್ಟು ಜನರ ಜೊತೆ ಎಷ್ಟು ಕ್ಷೇತ್ರಗಳಿಗೆ ಹೋಗದೆ ಸ್ನೇಹ ಕಾಪಾಡಿಕೊಂಡಿಲ್ಲ. ಆದರೆ ಯಾನ್ ಜೇಬಿನಿಂದ ಫೋನ್ ತೆಗೆದ. “ಯಾವ ಭಾನ್ವಾರ, ಯೋಳಣ್ಣ. ನಾಳೀಕೆ ಶಿರಾದಾಗೆ ಮ್ಯಾಚ್ ಐತೆ. ಅದ್ರ ಮುಂದಿನ್ದು ಖಾಲಿ.” ನಾನು ಉತ್ತರ ಹೇಳುವುದರೊಳಗೆ ಮಾರಿಕೆ ಮೆಟ್ಟಿಲ ಬಳಿ ಬಗ್ಗಿ ಕೆಳಗೆ ಕೂಗಿದಳು: “ಮಂಗಳಕ್ಕಾ, ಬೆಟ್ಟಕ್ಕೆ ಬತ್ತೀಯಾ?” ಕೆಳಗಿನಿಂದ ಒಗ್ಗರಣೆಯ ಸದ್ದಿನ ಜೊತೆ ಮಂಗಳಾ, “ಬರ್ತೀನ್ ಕಣೇ,” ಎಂದಳು.

ಕೈಯಲ್ಲಿದ್ದ ನಿಪ್ಪಟ್ಟನ್ನು ತಟ್ಟೆಗೆ ವಾಪಸ್ ಇಟ್ಟೆ. ಬೆಟ್ಟ ಒಂದು ಕಾರಣ. ಮಂಗಳಾ ಅದಕ್ಕಿಂತ ದೊಡ್ಡ ಕಾರಣ.

ಇದನ್ನು ಹೇಳಿಕೊಳ್ಳುವುದು ಕಷ್ಟ, ಆದರೂ ಹೇಳುತ್ತೇನೆ. ಇಪ್ಪತ್ತಾರು ವರ್ಷದ ಹಿಂದೆ ನಾನು ಮಂಗಳಾಳನ್ನು ನೋಡಲು ಕೊರಟಗೆರೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಅವಳ ತಂದೆ. ಮಾತು ಮಧುಗಿರಿ ಬೆಟ್ಟದ ಮೇಲೆ ಬಂತು. ಆಗ ನಾನು, ಒಂಬತ್ತನೇ ಕ್ಲಾಸಿನಲ್ಲಿ ತುದಿ ಮುಟ್ಟಿದ್ದನ್ನು, ಅಲ್ಲಿಯ ಗಾಳಿಗೆ ಟೋಪಿ ಹಾರಿಹೋದದ್ದನ್ನು ಹೇಳಿದೆ. ಬಾಗಿಲ ಹಿಂದೆ ಬಳೆ ಸದ್ದಾಯಿತು. ಅವಳು ಒಪ್ಪಿದ್ದು ಆ ಟೋಪಿಗಾಗಿ ಎಂದು ನಾನು ನಂಬಿದ್ದೆ. ಆದರೆ ನಾನು ತುದಿ ಮುಟ್ಟಿದ್ದೆನೇ? ನನ್ನ ಬಳಿ ಆ ದಿನದ ಮೂರು ನೆನಪುಗಳಿವೆ. ಒಂದರಲ್ಲಿ ತುದಿಯಲ್ಲಿ ನಿಂತಿದ್ದೇನೆ. ಇನ್ನೊಂದರಲ್ಲಿ ಬಂಡೆಗೆ ನೆಟ್ಟ ಹಿಡಿಕಂಬಿ ಶುರುವಾಗುವ ಕಡೆ ಮೇಷ್ಟ್ರು, “ಲೇ ರುದ್ರ, ನೀನು ಇಲ್ಲೇ ಕೂತು ಚೀಲ ನೋಡ್ಕೊ ಕಣ್ಲಾ,” ಎನ್ನುತ್ತಾರೆ. ನಾನು ಕೂರುತ್ತೇನೆ, ಟೋಪಿಯ ಕಥೆಯನ್ನು ಇಳಿದು ಬಂದ ಬೇರೊಬ್ಬ ಹೇಳುತ್ತಾನೆ. ಮೂರನೆಯದರಲ್ಲಿ ನನಗೆ ಜ್ವರ, ಮನೆಯಲ್ಲೇ ಮಲಗಿದ್ದೇನೆ. ಮೂರರಲ್ಲೂ ಅದೇ ಚಿತ್ರಾನ್ನ ಇದೆ, ಅದೇ ಕಡಲೆಬೀಜ ಇದೆ. ಜ್ವರ ಬಂದವನಿಗೆ ಚಿತ್ರಾನ್ನ ಕೊಟ್ಟವರು ಯಾರು? ನೆನಪು ಇಷ್ಟು ಅಚ್ಚುಕಟ್ಟಾಗಿ ಊಟ ಬಡಿಸಿದರೆ ಅದನ್ನು ನಂಬಬಾರದು. ಆದರೂ ಮೇಷ್ಟ್ರ ದನಿ ನಿಜವಿರಬೇಕು, ಏಕೆಂದರೆ ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ವಾರ ಅಂಗಡಿಯಲ್ಲಿ ನನಗೆ ಕೈ ಓಡಲಿಲ್ಲ. ಹಸಿರು ಕೇಳಿದವರಿಗೆ ನೀಲಿ ಕೊಟ್ಟೆ. ಮಳೆ ಬರಲೆಂದು ಆಕಾಶ ನೋಡಿದೆ. ಆಕಾಶ ನೋಡಬೇಕೆಂದರೆ ಬೆಟ್ಟವನ್ನೂ ನೋಡಬೇಕಾಯಿತು. ಅಲ್ಲಿ ಹೆಜ್ಜೇನು ಎದ್ದಿದೆ ಎಂದು ಯಾನ್‌ಗೆ ಫೋನು ಮಾಡಿದೆ. “ವಾಚ್‌ಮನ್‌ಗೆ ಕೇಳಿವ್ನಿ, ಇಲ್ವಂತೆ,” ಎಂದ. ಮೊಣಕಾಲು ನೋವು ಎಂದು ಮಂಗಳಾಳಿಗೆ ಹೇಳಿದೆ. ಅವಳು ಎಣ್ಣೆ ತಿಕ್ಕಿದಳು. ಮೊಣಕಾಲು ಹಿಂದೆಂದೂ ಇಲ್ಲದಷ್ಟು ಹುರುಪಾಯಿತು. ಅವಳಂತೂ ಶುಕ್ರವಾರ ಸಂಜೆ ಮಾರಿಕೆ ಬಂದದ್ದೇ ತಡ, ಜೊತೆಗೆ ಹೋಗಿ ಸ್ಪೋರ್ಟ್ಸ್ ಶೂ ತಂದು, ಹಾಕಿಕೊಂಡೇ ಮನೆಯೊಳಗೆ ಓಡಾಡತೊಡಗಿದಳು. “ನೀವು ಮುಂದೆ ಹೋಗ್ರಿ, ದಾರಿ ನಿಮಗೆ ಗೊತ್ತಲ್ಲ,” ಎಂದು ಅವಳು ಒಮ್ಮೆ ಅಂದಾಗ ಅದರಲ್ಲಿ ವ್ಯಂಗ್ಯ ಇದೆಯೋ ಇಲ್ಲವೋ ಎಂದು ಇಡೀ ಮಧ್ಯಾಹ್ನ ಯೋಚಿಸಿದೆ.

ಭಾನುವಾರ ಬೆಳಗಾಗುತ್ತಲೇ ಹೊರಟೆವು. ಬೆಟ್ಟದ ಕೋಟೆಯ ಕೆಳಗಿನ ಬಾಗಿಲುಗಳವರೆಗೆ ನಾನು ಮನುಷ್ಯನ ಹಾಗೆಯೇ ನಡೆದೆ. ಕೋಟೆಯ ಗೋಡೆ ಎರಡೂ ಕಡೆ ಇರುವವರೆಗೆ ಎತ್ತರ ಗೊತ್ತಾಗುವುದಿಲ್ಲ. ಆಮೇಲೆ ಗೋಡೆ ಮುಗಿದು ಬಂಡೆ ಮಾತ್ರ ಉಳಿಯಿತು. ಅದರಲ್ಲಿ ಅಂಗಾಲಿನ ಅರ್ಧ ಹಿಡಿಸುವಂತೆ ಕೊರೆದ ಗುಳಿಗಳು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಎಷ್ಟು ಗುಳಿ ಹತ್ತಿದೆನೋ ತಿಳಿಯದು. ಗಾಳಿ ಪಂಚೆಯನ್ನು ಒಳಗಿನಿಂದ ತುಂಬಿತು. ಪಂಚೆ ಉಡಬೇಡಿ ಎಂದು ಮಂಗಳಾ ಹೇಳಿದ್ದಳು.

“ಕೆಳೀಕ್ ನೋಡ್ಬ್ಯಾಡ ಕಣಣ್ಣ,” ಎಂದ ಯಾನ್.

ಅಷ್ಟರಲ್ಲಿ ನೋಡಿಯಾಗಿತ್ತು. ಕೆಳಗೆ ನಮ್ಮದೇ ಮನೆಯ ತಾರಸಿ, ಕಪ್ಪು ನೀರಿನ ಟ್ಯಾಂಕು, ಹಗ್ಗದ ಮೇಲೆ ನನ್ನದೇ ಒಂದು ಬನಿಯನ್ನು. ಬನಿಯನ್ನು ಆರಾಮವಾಗಿ ಅಲ್ಲಾಡುತ್ತಿತ್ತು. ಅದನ್ನು ಸಂಜೆ ಯಾರು ತೆಗೆಯುತ್ತಾರೆ ಎಂದು ಯೋಚನೆ ಬಂತು. ಕೈಗಳು ಕಂಬಿಯನ್ನು ಬಿಡಲಿಲ್ಲ. ನಾನು ಬಿಡು ಎಂದು ಹೇಳುತ್ತಿದ್ದೆ, ಅವು ಕೇಳುತ್ತಿರಲಿಲ್ಲ. ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ ರುಚಿ. ಹಾಗೆಯೇ ಬಂಡೆಗೆ ಅಂಟಿ ಕೂತುಬಿಟ್ಟೆ. ಮಂಗಳಾ ಎರಡು ಗುಳಿ ಇಳಿದು ಬಂದು ಪಕ್ಕದಲ್ಲಿ ಕೂತಳು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ಮಂಗಳಾ, ನಾನು ಈ ಬೆಟ್ಟ ಹತ್ತಿದೋನಲ್ಲ,” ಎಂದೆ.

“ಕಾಣ್ತಾ ಇದೆಯಲ್ರೀ.”

“ಇವತ್ತಿನ ಮಾತಲ್ಲ. ನಿನ್ನ ನೋಡೋಕೆ ಬಂದಿದ್ದಾಗ ಹತ್ತಿದೀನಿ ಅಂದಿದ್ನಲ್ಲ, ಅದು.”

“ಯಾವಾಗಂದ್ರಿ? ಆವತ್ತು ನೀವು ಬಾಯಿ ಬಿಟ್ಟಿದ್ದು ಉಪ್ಪಿಟ್ಟು ತಿನ್ನೋಕೆ ಮಾತ್ರ.”

“ಪಡಸಾಲೇಲಿ. ನಿಮ್ಮಪ್ಪ ಬೆತ್ತದ ಕುರ್ಚಿ ಮೇಲೆ ಕೂತಿದ್ರು.”

“ನಮ್ಮನೇಲಿ ಬೆತ್ತದ ಕುರ್ಚಿ ಎಲ್ಲಿತ್ತು? ಎಲ್ಲಾ ಚಾಪೆ.”

“ಮತ್ತೆ ನನ್ನ ಹೆಂಗೆ ಒಪ್ಕೊಂಡೆ?”

“ಪಾಪ, ಮಾತಾಡಲ್ಲ, ಮನೇಲಿ ಗಲಾಟೆ ಇರಲ್ಲ ಅಂತ ಒಪ್ಕೊಂಡೆ. ಈಗ ಕಂಬಿ ಬಿಟ್ಟು ನನ್ನ ಕೈ ಹಿಡ್ಕೊಳ್ರಿ, ಆ ಚಪ್ಪಟೆ ಜಾಗದಲ್ಲಿ ಕೂರಿಸ್ತೀನಿ.”

ಕೂರಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಯಾನ್ ಹಿಂದೆ ಹೊರಟೇಬಿಟ್ಟಳು. ನನ್ನನ್ನು ಕಾಯಲು ಮಾರಿಕೆ ಉಳಿದಳು. ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ನನಗಾಗಿ ಹೆದರುವಾಗ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಮಂಗಳಾಳಿಗಾಗಿ ಹೆದರುವಾಗ ಮುಚ್ಚಲಾಗಲಿಲ್ಲ. ಬೂದುಬಣ್ಣದ ಆ ಇಳಿಜಾರಿನ ಮೇಲೆ ಅವಳ ಕುಂಕುಮ ಬಣ್ಣದ ಸೀರೆ ಬೆರಳಷ್ಟಾಯಿತು, ಉಗುರಷ್ಟಾಯಿತು, ಬಂಡೆಯ ಒಂದು ಮಡಿಕೆಯ ಹಿಂದೆ ಇಲ್ಲವಾಯಿತು. ಗಾಳಿ ಒಂದೇ ಸಮ ಬೀಸುತ್ತಿತ್ತು.

ಮಾರಿಕೆ ಕಿತ್ತಳೆ ಸುಲಿದು ಒಂದು ತೊಳೆ ಕೊಟ್ಟಳು. “ನಿಂಗೆ ಹೆದ್ರಿಕೇನೇ ಇಲ್ವೇನಮ್ಮ?” ಎಂದು ಕೇಳಿದೆ, ಮಾತಾಡಿದರಾದರೂ ಹೊತ್ತು ಹೋದೀತು ಎಂದು.

“ನಮ್ಮೂರ್ನಾಗೆ ಸಮುದ್ರ ಮ್ಯಾಲೆ, ಮನೆ ಕೆಳಗೆ. ಎಲ್ಲಾರ್ಗೂ ಹೆದ್ರಿಕೆ. ಒಟ್ಟಿಗೆ ಹೆದ್ರಿ ಒಟ್ಟಿಗೆ ಏರಿ ಕಟ್ಟವ್ರೆ,” ಎಂದಳು. “ನೀನು ಒಬ್ನೇ ಹೆದರ್ತೀಯ ಕಣಣ್ಣ. ಅದು ಕಷ್ಟ.”

ನಾನು ಕಿತ್ತಳೆ ತಿಂದೆ. ಬೀಜವನ್ನೂ ನುಂಗಿದೆ. ಎಷ್ಟೋ ಹೊತ್ತಾದ ಮೇಲೆ ಆ ಕುಂಕುಮ ಬಣ್ಣ ಮತ್ತೆ ಕಂಡಿತು, ಇಳಿಯುತ್ತಾ ದೊಡ್ಡದಾಯಿತು. ಹತ್ತಿರ ಬಂದಾಗ ಅವಳ ಮುಖ ಕೆಂಪಗಿತ್ತು, ಕೂದಲೆಲ್ಲ ಬಿಚ್ಚಿತ್ತು. ಮೇಲೆ ಏನಿದೆ ಎಂದು ಕೇಳಿದೆ. “ಹೇಳೋಕ್ ಬರಲ್ಲ ಕಣ್ರೀ,” ಎಂದಳು. ನಿಜವಾಗಿ ಹೋದವರು ಹೀಗೆ ಹೇಳುತ್ತಾರೇನೋ. ನಾನು ಕೂತುಕೊಂಡೇ, ಒಂದೊಂದು ಗುಳಿಯನ್ನೂ ತೆವಳಿ ಇಳಿದೆ. ಹೊಸ ಪಂಚೆಯ ಗತಿ ಹೇಳುವುದಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಇಪ್ಪತ್ತಾರು ವರ್ಷದ ಭಾರ ಇಳಿಯಿತೆಂದು ಯಾವ ಬುದ್ಧಿವಂತನಾದರೂ ಸುಮ್ಮನಾಗುತ್ತಿದ್ದ. ನನಗೆ ಮಾತ್ರ ಹೊಸ ಹೆದರಿಕೆ ಹತ್ತಿಕೊಂಡಿತು. ಬೆತ್ತದ ಕುರ್ಚಿ ಇರಲಿಲ್ಲ ಎನ್ನುವುದಾದರೆ ನನ್ನ ತಲೆಯಲ್ಲಿ ಇನ್ನೇನೇನು ಇರಲಿಲ್ಲ? ಅಷ್ಟು ಜೋಪಾನ ಮಾಡಿದ ಸುಳ್ಳನ್ನು ನಾನು ಹೇಳಿಯೇ ಇರಲಿಲ್ಲವೇ? ನಾನು ಸುಳ್ಳು ಹೇಳಿದ್ದೆ ಎಂಬುದಕ್ಕೆ ಒಬ್ಬ ಸಾಕ್ಷಿಯಾದರೂ ಬೇಕೆನಿಸಿತು.

ಮುಂದಿನ ತಿಂಗಳು ಕೊರಟಗೆರೆಯಲ್ಲಿ ಮಂಗಳಾಳ ನೆಂಟರ ಮದುವೆ. ಯಾನ್ ಮತ್ತು ಮಾರಿಕೆ ನಮಗಿಂತ ಮೊದಲೇ ಛತ್ರದಲ್ಲಿದ್ದರು. ಯಾನ್ ಬಿಳಿ ಪಂಚೆಯಲ್ಲಿ ಪಾಯಸ ಬಡಿಸುತ್ತಿದ್ದ, ಮಾರಿಕೆಯ ಸುತ್ತ ಹೆಂಗಸರು, ಅವರ ನಡುವೆ ಮಂಗಳಾ ಕೈ ಎತ್ತಿ ಬೆಟ್ಟ ಎಷ್ಟು ಕಡಿದಾಗಿದೆ ಎಂದು ತೋರಿಸುತ್ತಿದ್ದಳು. ನಾನು ಅವಳ ಸೋದರಮಾವನನ್ನು ಕೈತೊಳೆಯುವ ಜಾಗದಲ್ಲಿ ಹಿಡಿದೆ. ಹೆಣ್ಣು ನೋಡುವ ದಿನ ಅವರೂ ಇದ್ದರು.

“ಮಾವ, ಆವತ್ತು ಬೆಟ್ಟದ ಮಾತು ಬಂದಿತ್ತಲ್ಲ, ಟೋಪಿ ಹಾರಿದ್ದು. ನಾನು ಹೇಳಿದ್ದು ನೆನಪಿದೆಯಾ?”

ಅವರು ಬಾಯಿ ಮುಕ್ಕಳಿಸಿ ಉಗಿದರು. “ನೀನೆಲ್ಲಿ ಹೇಳ್ದೆ? ಹೇಳಿದ್ದು ನಾನು ಕಣಪ್ಪ. ನೀನು ಬಾಯ್ತುಂಬ ಉಪ್ಪಿಟ್ಟು ಇಟ್ಕಂಡು ಹೂಂ ಹೂಂ ಅಂತಿದ್ದೆ.”

“ಹಾಗಾದ್ರೆ ಹತ್ತಿದ್ದು ನೀವಾ?”

“ನಾನ್ಯಾಕ್ ಹತ್ತಲಿ? ಎಲ್ರೂ ಸುಮ್ನೆ ಕೂತಿದ್ರಲ್ಲ, ಮಾತಿಗೊಂದು ಹೇಳ್ದೆ ಬುಡು.”

ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಎಲೆಅಡಿಕೆಗೆ ಹೋದರು. ಇನ್ನೊಬ್ಬರ ಸುಳ್ಳಿಗೆ ಇಪ್ಪತ್ತಾರು ವರ್ಷ ಕಾವಲು ಕೂತ ನಾನು ನಲ್ಲಿಯ ಮುಂದೆ ನಿಂತಿದ್ದೆ. ಮಂಗಳಾ ಬಂದು, “ಏನಂದ್ರು ಮಾವ?” ಎಂದಳು.

“ನಾನು ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆಯಂತೆ. ಬೆತ್ತದ ಕುರ್ಚಿನೂ ಇತ್ತಂತೆ,” ಎಂದೆ.

ಈ ಸುಳ್ಳನ್ನು ಹೇಳಿದ್ದು ನಾನೇ. ಮುಂದೆ ಯಾವತ್ತಾದರೂ ನಾನೇ ಇದನ್ನು ಅನುಮಾನಿಸಿದರೆ ನೀವು ದಯವಿಟ್ಟು ನೆನಪಿಸಬೇಕು.