ಡ್ರಮ್ಮಿನವನ ಹೆಬ್ಬೆರಳಿನ ದಾರ

ಮುಪ್ಪು ಒಬ್ಬರಿಗೆ ಬಂದರೆ ಮನೆಯವರಷ್ಟೇ ಅನುಭವಿಸುತ್ತಾರೆ. ಒಂದು ಇಡೀ ರಾಕ್ ಬ್ಯಾಂಡಿಗೆ ಒಟ್ಟಿಗೇ ಬಂದರೆ ಊರಿಗೊಂದು ಫಜೀತಿ ತಪ್ಪಿದ್ದಲ್ಲ. ಅಂಥ ಬ್ಯಾಂಡಿನ ಬೆನ್ನಿಗೆ ನಲವತ್ತು ಮಂದಿ ಪಿಟೀಲು, ಕೊಳಲು, ಕಹಳೆಯವರನ್ನು ಕೂರಿಸಿಕೊಂಡು ತಿರುಗಿದರಂತೂ ಕೇಳಲೇಬೇಡಿ. ನಾನು ತಿರುಗಿದ್ದೇನೆ. ನೀವು ಕೇಳದಿದ್ದರೂ ಹೇಳುತ್ತೇನೆ.

ನಾನು ಧಾರವಾಡದವನು. ಕಾಲೇಜು ಮುಗಿಸಿ ಪುಣೆಗೆ ಬಂದು, ನಿಗಡಿಯಲ್ಲಿ ಮನೆ ಮಾಡಿ, ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆದೇ ನಿವೃತ್ತನಾದೆ. ರವಿವಾರ ಮಾತ್ರ ಪುಣೆಯ ಹಳೆಯ ದಂಡು ಪ್ರದೇಶವಾದ ಕ್ಯಾಂಪಿಗೆ ಹೋಗಿ, ಅಲ್ಲಿನ ಆರ್ಕೆಸ್ಟ್ರಾದ ಕೊನೆಯ ಸಾಲಿನಲ್ಲಿ ಕೂತು ಪಿಟೀಲು ಬಾರಿಸುತ್ತಿದ್ದೆ. ನಕ್ಷೆ ಬರೆದ ಕೈ ಎಂದು ಸ್ವರಲಿಪಿಯ ಹಾಳೆಗಳನ್ನು ನಕಲು ಮಾಡುವ ಕೆಲಸವೂ ನನಗೇ ಬಂತು. ಆರ್ಕೆಸ್ಟ್ರಾ ನಡೆಸುತ್ತಿದ್ದವರು ಪಿಯಾನೊ ಕಲಿಸುವ ಒಬ್ಬ ಪಾರ್ಸಿ ಮೇಡಮ್. ಎತ್ತರ ನಾಲ್ಕೂಮುಕ್ಕಾಲು ಅಡಿ, ಸಿಟ್ಟು ಏಳು ಅಡಿ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕ್ಯಾಂಪಿನ ಆ ಹಳೆಯ ರಾಕ್ ಬ್ಯಾಂಡನ್ನು ಕರೆಯುವವರು ಯಾರೂ ಇರಲಿಲ್ಲ. ಐದು ಜನ, ಐವರಿಗೂ ಐವತ್ತೈದು ದಾಟಿತ್ತು. ಹಿಂದೆ ಪಿಟೀಲಿನವರು ಕೂತರೆ ಮುಂದೆ ಕೂತವರು ಮರ್ಯಾದೆ ಕೊಡುತ್ತಾರೆ ಎಂದು ಯಾರೋ ಅವರಿಗೆ ಹೇಳಿದರು. ಹಾಗೆ ನಾವು ಕೂಡಿದೆವು.

೧. ಯಾವ ಕಿವಿ?

ಡ್ರಮ್ ಬಾರಿಸುವವನು ಬೆಳಗಾವಿಯವನು. ಮೊದಲ ತಾಲೀಮಿನ ದಿನ ಚಹಾದ ಹೊತ್ತಿಗೆ ನನ್ನನ್ನು ಮೂಲೆಗೆ ಕರೆದ.

"ಮಾಸ್ತರ, ಒಂದು ಮಾತು. ಯಾರಿಗೂ ಹೇಳಬ್ಯಾಡ್ರಿ. ನನಗ ಕಿವಿ ಕೇಳಂಗಿಲ್ಲ."

"ಯಾವ ಕಿವಿ?" ಎಂದೆ.

"ಏನಂದ್ರಿ?"

"ಯಾವ ಕಿವೀರಿ?"

"ಅದನ್ನ ಹೇಳಾಕತ್ತೀನಲ್ರಿ. ಎರಡೂ."

ಮೂವತ್ತು ವರ್ಷ ಬಡಿದ ಫಲ. ಮೇಡಮ್‌ಗೆ ಗೊತ್ತಾದರೆ ಅದೇ ದಿನ ಮನೆಗೆ. ಮನೆಯಲ್ಲಾದರೂ ಏನಿತ್ತು? ಹೆಂಡತಿ ತೀರಿಕೊಂಡಿದ್ದಳು, ಗ್ಯಾರೇಜು ಅಣ್ಣನ ಮಕ್ಕಳ ಕೈಗೆ ಹೋಗಿತ್ತು. "ಡ್ರಮ್ ಬಿಟ್ಟರ ನನ್ನ ಕಡೆ ಉಳದದ್ದು ಎರಡು ಮೊಣಕಾಲು. ಅವೂ ನೋಯ್ತಾವ," ಎಂದ.

ಹಾಗಾದರೆ ಇಷ್ಟು ದಿನ ತಾಳ ತಪ್ಪದೆ ಬಾರಿಸಿದ್ದು ಹೇಗೆ? ಬೂಟು ಕಳಚಿ ಬರಿಗಾಲನ್ನು ವೇದಿಕೆಯ ಹಲಗೆಯ ಮೇಲೆ ಇಡುತ್ತಿದ್ದ. ಪಕ್ಕದಲ್ಲಿ ನಿಲ್ಲುವ ಬಾಸ್ ಗಿಟಾರಿನವರ ದಪ್ಪ ನಾದ ಹಲಗೆಯೊಳಗಿಂದ ಅಂಗಾಲಿಗೆ ಏರುತ್ತಿತ್ತು. ಈ ಬಾಸ್‌ನವರಿಗೆ ಮಾತ್ರ ಗುಟ್ಟು ಗೊತ್ತು. ಬಂಗಾರದಂಥ ಮನುಷ್ಯ, ಆದರೆ ಜನ್ಮದಲ್ಲಿ ಒಮ್ಮೆಯೂ ವೇಳೆಗೆ ಸರಿಯಾಗಿ ಬಂದವರಲ್ಲ. ತಮ್ಮ ಲಗ್ನಕ್ಕೇ ಒಂದು ತಾಸು ತಡ. ಊರಿಗೆ ಹೊರಟ ಬಸ್ಸು, ಬಸ್ಸಿನೊಳಗೆ ನಲವತ್ತೈದು ಜನ, ಎಲ್ಲರೂ ಅವರ ದಾರಿ ಕಾಯುವುದು ಮಾಮೂಲು.

ಸಮಸ್ಯೆ ಇದ್ದದ್ದು ಶುರು ಮಾಡುವುದಕ್ಕೆ, ನಿಲ್ಲಿಸುವುದಕ್ಕೆ. ಮೇಡಮ್ ಕೈ ನೋಡೋಣವೆಂದರೆ ನಡುವೆ ಆರಡಿ ಎತ್ತರದ ಹಾಡುಗಾರ ನಿಂತಿರುತ್ತಿದ್ದ. ಕೊನೆಗೆ ಗಾಳಿಪಟದ ದಾರದ ಒಂದು ತುದಿಯನ್ನು ಅವನ ಎಡಗಾಲಿನ ಹೆಬ್ಬೆರಳಿಗೆ, ಇನ್ನೊಂದನ್ನು ನನ್ನ ಹೆಬ್ಬೆರಳಿಗೆ ಕಟ್ಟಿದೆವು. ಒಂದು ಸಲ ಎಳೆದರೆ ಶುರು, ಎರಡು ಸಲ ಎಳೆದರೆ ಬಂದ್. ಕೈ ಪಿಟೀಲು ಬಾರಿಸುವಾಗ ಕಾಲು ಬೇರೆ ಕೆಲಸ ಮಾಡುವುದು ಸುಲಭವಲ್ಲ. ಮನೆಯಲ್ಲಿ ಮಂಚದ ಕಾಲಿಗೆ ದಾರ ಕಟ್ಟಿ ಅಭ್ಯಾಸ ಮಾಡಿದೆ.

ನನ್ನಾಕೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಮಂದಿ ರಿಟೈರ್ ಆದ ಮ್ಯಾಲೆ ಕಾಶಿಗೆ ಹೋಗ್ತಾರ್ರಿ. ನಮ್ಮವರು ಎಲ್ಲೂ ಹೋಗಬಾರದಂತ ತಮ್ಮನ್ನ ತಾವೇ ಮಂಚಕ್ಕ ಕಟಗೊಂಡಾರ."

೨. ದುಃಖದ ಅಳತೆ

ಆರ್ಕೆಸ್ಟ್ರಾದವರು ಹಾಳೆಯಲ್ಲಿ ಇದ್ದಷ್ಟು ಬಾರಿಸುತ್ತಾರೆ. ರಾಕ್‌ನವರು ಮನಸ್ಸಿಗೆ ಬಂದಷ್ಟು. ಗಿಟಾರಿನವರು ನಡುವೆ ಒಂದು ಕಡೆ ಕಣ್ಣು ಮುಚ್ಚಿ ಒಬ್ಬರೇ ಬಾರಿಸಲು ತೊಡಗಿದರೆ ಒಮ್ಮೆ ಎರಡು ನಿಮಿಷ, ಒಮ್ಮೆ ಒಂಬತ್ತು ನಿಮಿಷ. ನಾವು ಎಲ್ಲಿ ಸೇರಿಕೊಳ್ಳಬೇಕು?

"ಇಲ್ಲಿ ಎಷ್ಟು ಹೊತ್ತು ಬಾರಿಸುತ್ತೀರಿ?" ಎಂದು ಮೇಡಮ್ ಪೆನ್ಸಿಲ್ ಹಿಡಿದು ಕೇಳಿದರು.

"ಅದು ಆ ದಿನದ ದುಃಖದ ಮೇಲೆ," ಎಂದರು ಗಿಟಾರಿನವರು.

ದುಃಖವನ್ನು ಸ್ವರಲಿಪಿಯಲ್ಲಿ ಹೇಗೆ ಬರೆಯುವುದು? ನಕ್ಷೆಗಾರನ ಬುದ್ಧಿ ಉಪಯೋಗಿಸಿ ನಲವತ್ತು ಹಾಳೆಗಳಲ್ಲೂ ಕೆಂಪು ಶಾಯಿಯಿಂದ ಬರೆದೆ: 'ಗಿಟಾರಿನವರು ಕಣ್ಣು ತೆರೆಯುವ ತನಕ ಕಾಯುವುದು.' ನಾಲ್ಕು ಊರುಗಳಲ್ಲಿ ಕೆಲಸ ಮಾಡಿತು. ಮೇಡಮ್ ನನ್ನ ಬೆನ್ನು ತಟ್ಟಿದರು.

ಐದನೆಯ ಊರು ನಾಸಿಕ. ಗಿಟಾರಿನವರು ಆ ವಾರವೇ ಕಣ್ಣಿನ ಪೊರೆ ತೆಗೆಸಿಕೊಂಡು, ಡಾಕ್ಟರ್ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ವೇದಿಕೆಗೆ ಬಂದರು. ಆ ಜಾಗ ಬಂತು. ಬಾರಿಸಲು ತೊಡಗಿದರು. ನಲವತ್ತು ಜನ ಕಮಾನು, ಕೊಳಲು, ಕಹಳೆ ಎತ್ತಿ ಹಿಡಿದು ಕಾದೆವು. ಐದು ನಿಮಿಷವಾಯಿತು. ಕೊಳಲಿನವನು ಪಕ್ಕಕ್ಕೆ ವಾಲಿ ಕನ್ನಡಕದ ಸಂದಿಯಿಂದ ನೋಡಿದ. ದೊಡ್ಡ ಪಿಟೀಲಿನ ಹೆಣ್ಣುಮಗಳು ಕೆಳಗಿನಿಂದ ಬಗ್ಗಿ ನೋಡಿದಳು. ಏನೂ ಕಾಣಲಿಲ್ಲ. ಡ್ರಮ್ಮಿನವನು ನನ್ನ ಕಡೆ ನೋಡುತ್ತಾನೆ, ನಾನು ಹೆಬ್ಬೆರಳು ಎತ್ತಿಕೊಂಡೇ ಕೂತಿದ್ದೇನೆ, ಮೀನಖಂಡ ಹಿಡಿದುಕೊಂಡಿದೆ. ಹದಿಮೂರನೆಯ ನಿಮಿಷಕ್ಕೆ ಗಿಟಾರಿನ ತಂತಿ ಹರಿಯಿತು. ಇಲ್ಲದಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದೆವು.

ಒಳಗೆ ಬಂದ ಮೇಲೆ ಮೇಡಮ್ ಮೆಲ್ಲಗೆ ಕೇಳಿದರು: "ಇವತ್ತು ಅಷ್ಟೊಂದು ದುಃಖವೇ?"

"ದುಃಖ ನಾಲ್ಕೇ ನಿಮಿಷಕ್ಕೆ ತೀರಿತು ಮೇಡಮ್," ಎಂದರು ಅವರು, ಬೊಬ್ಬೆ ಎದ್ದ ಬೆರಳಿಗೆ ಗಾಳಿ ಊದಿಕೊಳ್ಳುತ್ತ. "ಆಮೇಲೆ ಕಣ್ಣು ಬಿಟ್ಟು ನಿಮ್ಮನ್ನೇ ನೋಡುತ್ತಿದ್ದೆ. ನೀವೇ ಶುರು ಮಾಡಲಿಲ್ಲ."

೩. ಕೊಲ್ಹಾಪುರದ ಕಹಳೆ

ಮರುವರ್ಷ ನಮ್ಮ ಕಹಳೆಯವರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ದಮ್ಮು ಹತ್ತಿತು. ಕೊಲ್ಹಾಪುರದಲ್ಲಿ ಮದುವೆ ಮೆರವಣಿಗೆಯ ಬ್ಯಾಂಡಿನಿಂದ ನಾಲ್ವರನ್ನು ಕರೆಸಿದೆವು. ಒಳ್ಳೆಯ ಜನ, ಹಾಳೆ ಓದುವುದೂ ಬರುತ್ತಿತ್ತು. ಮಧ್ಯಾಹ್ನ ಇಕ್ಕಟ್ಟಾದ ಕೋಣೆಯೊಂದರಲ್ಲಿ ತಾಲೀಮು ಮಾಡಿದಾಗ ಒಂದು ಸ್ವರವೂ ತಪ್ಪಲಿಲ್ಲ. ಇಕ್ಕಟ್ಟಾಗಿದ್ದದ್ದೇ ನಮಗೆ ಮುಳುವಾಯಿತು.

ಸಂಜೆ ಅವರ ಸರದಿ ಬಂತು. ನಾಲ್ವರೂ ಎದ್ದು ನಿಂತರು, ಊದಿದರು, ನಡೆಯತೊಡಗಿದರು. ಜೀವಮಾನದಲ್ಲಿ ಒಂದೇ ಕಡೆ ನಿಂತು ಊದಿದವರಲ್ಲ ಅವರು, ಉಸಿರು ಹೊರಟರೆ ಕಾಲೂ ಹೊರಡುತ್ತಿತ್ತು. ಪಿಟೀಲುಗಳ ನಡುವೆ ದಾರಿ ಮಾಡಿಕೊಂಡು, ಮೆಟ್ಟಿಲಿಳಿದು, ಜನರ ನಡುವೆ ಸಾಲಾಗಿ ಸಾಗಿದರು. ಮುಂದಿನ ಸಾಲಿನ ಮುದುಕರೊಬ್ಬರು ರೂಢಿಯ ಬಲದಿಂದ ಎದ್ದು, ಕರವಸ್ತ್ರ ಬೀಸಿ, ಅವರ ಮುಂದೆ ನಾಲ್ಕು ಹೆಜ್ಜೆ ಕುಣಿದೂಬಿಟ್ಟರು. ಕಹಳೆಯವರು ಬಾಗಿಲು ದಾಟಿದರು. ನಾದ ಸಣ್ಣದಾಗುತ್ತ ಆಗುತ್ತ ಗೇಟಿನಾಚೆ ಕರಗಿತು. ಮೇಡಮ್‌ನ ಕೈ ಬಾಗಿಲ ಕಡೆಗೆ ಚಾಚಿದ್ದು ಹಾಗೆಯೇ ಉಳಿಯಿತು.

ಕಚೇರಿ ಮುಗಿದು, ಸಾಮಾನು ಏರಿಸಿ, ಬಾಸ್‌ನವರ ದಾರಿ ಕಾಯುತ್ತ ಬಸ್ಸು ನಿಂತಿದ್ದಾಗ ನಾಲ್ವರೂ ಬೆವರು ಸುರಿಸುತ್ತ ಮರಳಿ ಬಂದರು. ಮೇಡಮ್ ಬಸ್ಸಿನ ಬಾಗಿಲಿಗೆ ಅಡ್ಡ ನಿಂತರು. ನಾಲ್ವರಲ್ಲಿ ಹಿರಿಯರು ಮರಾಠಿಯಲ್ಲಿ ಕೈಮುಗಿದು ಹೇಳಿದರು: "ತಪ್ಪಾಯಿತು ಬಾಯಿಸಾಹೇಬ. ನಾವು ಹೆಣ್ಣಿನ ಮನೆ ಬಂದ ಮೇಲೆ ನಿಲ್ಲಿಸುವವರು. ಎಷ್ಟು ದೂರ ಹೋದರೂ ಹೆಣ್ಣಿನ ಮನೆ ಬರಲೇ ಇಲ್ಲ."

೪. ಎರಡು ನಿಮಿಷ

ಮೂರನೆಯ ವರ್ಷ, ಮಳೆಗಾಲ ಮುಗಿಯುತ್ತಿದ್ದಂತೆ, ಬಾಸ್ ಗಿಟಾರಿನವರು ಹೃದಯ ನಿಂತು ತೀರಿಕೊಂಡರು. ಶವದ ಗಾಡಿ ಒಂದು ತಾಸು ತಡವಾಗಿ ಬಂತು. ಯಾರೂ ಸಿಡುಕಲಿಲ್ಲ, ಅವರದು ಯಾವಾಗಲೂ ಹಾಗೇ. ಡ್ರಮ್ಮಿನವನು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಮಾಸ್ತರ, ನೀವು ತಿಳಿದಂಗ ನನ್ನ ಕಿವಿ ಮೊದಲ ಹೋಗಿರಲಿಲ್ರಿ. ಇವತ್ತ ಹೋದೂ."

ಹೊಸ ಬಾಸ್‌ನವರ ನಾದ ಅವನ ಅಂಗಾಲಿಗೆ ಹತ್ತಲಿಲ್ಲ. ತಾಲೀಮಿನಲ್ಲಿ ಎರಡು ಸಲ ತಪ್ಪಿದ. ಮೇಡಮ್ ಎಲ್ಲರೆದುರೇ ಹೇಳಿದರು: "ಶ್ರದ್ಧಾಂಜಲಿಯ ದಿನ ಡ್ರಮ್ ತಪ್ಪಿದರೆ, ಮುಂದಿನ ಊರಿಗೆ ಬೇರೆಯವರನ್ನು ಕರೆಯುತ್ತೇನೆ." ಅವನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಚಹಾದ ಹೊತ್ತಿಗೆ ಅವನಿಗೆ ತಿಳಿಸಿದವನೂ ನಾನೇ.

ಶ್ರದ್ಧಾಂಜಲಿಯ ಕಚೇರಿ ಕ್ಯಾಂಪಿನ ಒಂದು ಶಾಲೆಯ ಅಂಗಳದಲ್ಲಿ, ಸಂಜೆ ಆರಕ್ಕೆ. ಮೊದಲ ಸಾಲಿನಲ್ಲಿ ತೀರಿಕೊಂಡವರ ಹೆಂಡತಿ ಬಿಳಿ ಸೀರೆಯುಟ್ಟು ಕೂತಿದ್ದರು. ಮೊದಲು ಎರಡು ನಿಮಿಷ ಮೌನ, ಆಮೇಲೆ ಬಾಸ್‌ನವರಿಗೆ ಪ್ರಿಯವಾಗಿದ್ದ ಹಾಡು. ಆ ಹಾಡು ಶುರುವಾಗುವುದೇ ಡ್ರಮ್ಮಿನಿಂದ. ಜನ ಎದ್ದು ತಲೆ ತಗ್ಗಿಸಿದರು. ವೇದಿಕೆಯ ಮೇಲೂ ಎಲ್ಲರೂ ಕಣ್ಣು ಮುಚ್ಚಿದರು. ನಾನು ಹೆಬ್ಬೆರಳನ್ನು ಕಲ್ಲಿನಂತೆ ಇಟ್ಟುಕೊಂಡೆ.

ಮಳೆಗಾಲ ಮುಗಿಯುವ ಕಾಲ, ಸಂಜೆ ಹೊತ್ತು, ಬರಿಗಾಲು. ನನ್ನ ಪಾದದ ಮೇಲೆ ಒಂದು ಸೊಳ್ಳೆ ಕೂತಿತು. ದೇವರಾಣೆ, ಸಹಿಸಿದೆ. ಇನ್ನೊಂದು ಬಂದು ಕಚ್ಚಿತು. ಕಾಲು ತಾನಾಗಿ ಕೊಡವಿಕೊಂಡಿತು. ಒಂದೇ ಸಲ.

ಅಂಗಳ ನಡುಗುವಂತೆ ಡ್ರಮ್ ಶುರುವಾಯಿತು.

ಎರಡು ಸಲ ಎಳೆದೆ. ಮೊದಲನೆಯ ಎಳೆತಕ್ಕೇ ದಾರ ಹರಿದು ನನ್ನ ಕಡೆಗೆ ಬಂತು. ಡ್ರಮ್ ಕೇಳಿದ ಕೂಡಲೇ ಸೇರಿಕೊಳ್ಳಬೇಕೆಂದು ಹಾಳೆಯಲ್ಲಿ ನಾನೇ ಬರೆದಿದ್ದೆ. ನಲವತ್ತು ಜನ ಸೇರಿಕೊಂಡರು. ಬೇರೆ ದಾರಿಯಿಲ್ಲದೆ ಮೇಡಮ್ ಕೈ ಎತ್ತಿದರು. ಡ್ರಮ್ಮಿನವನು ಕಣ್ಣು ಮುಚ್ಚಿ, ನೀರು ಸುರಿಸುತ್ತ, ಒಂದು ಪೆಟ್ಟೂ ತಪ್ಪದೆ ಬಾರಿಸಿದ. ಕೂರಿ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಜನ ಏಳು ನಿಮಿಷದ ರಾಕ್ ಹಾಡನ್ನು ತಲೆ ತಗ್ಗಿಸಿ, ಕೈ ಕಟ್ಟಿ, ನಿಂತೇ ಕೇಳಿದರು.

ಹಾಡು ಮುಗಿದ ಮೇಲೆ ಮೇಡಮ್ ನೇರವಾಗಿ ಡ್ರಮ್ಮಿನ ಬಳಿಗೆ ಹೋದರು. ಅವನ ಬೆರಳಿನಿಂದ ಜೋತುಬಿದ್ದ ದಾರ ನೋಡಿದರು. ಕೊನೆಯ ಸಾಲಿನಲ್ಲಿ ಕಾಲು ತುರಿಸಿಕೊಳ್ಳುತ್ತಿದ್ದ ನನ್ನನ್ನು ನೋಡಿದರು.

"ಎಷ್ಟು ವರ್ಷದಿಂದ?"

"ಮೂರು," ಎಂದೆ. ಆಯಿತು, ಇವನ ಕಥೆ ಮುಗಿಯಿತು ಎಂದುಕೊಂಡೆ.

ಮೇಡಮ್ ಕೊನೆಯ ಸಾಲಿಗೆ ಬಂದರು. ಆಮೇಲೆ ಬಗ್ಗಿ ನನ್ನ ಕಡೆಯ ತುಂಡನ್ನು ಎತ್ತಿಕೊಂಡು ಬೆರಳಿಗೆ ಸುತ್ತಿಕೊಂಡರು. "ಮುಂದಿನ ಊರಿನಿಂದ ಈ ತುದಿ ನನ್ನ ಕಾಲಿಗೆ. ನಾನು ದಪ್ಪ ಕಾಲುಚೀಲ ಹಾಕುತ್ತೇನೆ."

ಏನಾಯಿತೆಂದು ಅವನಿಗೆ ತಿಳಿಸುವುದಕ್ಕೆ ನನಗೆ ಐದು ನಿಮಿಷ ಹಿಡಿಯಿತು. ತಿಳಿದ ಕೂಡಲೇ ಎದ್ದ. ಬೆರಳಲ್ಲಿ ದಾರ ಎಳೆದುಕೊಂಡೇ ವೇದಿಕೆಯಿಳಿದು ಬಾಸ್‌ನವರ ಹೆಂಡತಿಯ ಮುಂದೆ ಕೈಮುಗಿದು ನಿಂತ. ಅವರು ಅವನನ್ನೇ ದಿಟ್ಟಿಸಿ ನೋಡಿ ಹೇಳಿದರು:

"ಮೂವತ್ತು ವರ್ಷ ಅವರ ದಾರಿ ಕಾದಿರಿ. ಇವತ್ತು ಎರಡು ನಿಮಿಷ ಕಾಯಲಿಕ್ಕೆ ಆಗಲಿಲ್ಲವೇ ನಿಮಗೆ?"

ಹೇಳಿದವರೇ ಮೊದಲು ನಕ್ಕರು, ಗಂಡ ಹೋಗಿ ಹದಿಮೂರು ದಿನಗಳ ಮೇಲೆ. ಆಮೇಲೆ ಸುತ್ತಲಿದ್ದವರೆಲ್ಲ.

"ಮಾಸ್ತರ, ಏನಂದ್ರು?" ಎಂದ ಇವನು.

ಅವನ ಕಿವಿಯಲ್ಲಿ ಕೂಗಿ ಹೇಳಿದೆ. ಅಂಗಳದ ನಗೆಯೆಲ್ಲ ತಣ್ಣಗಾದ ಮೇಲೆ ಅವನೊಬ್ಬನೇ ನಕ್ಕ, ಒಂದು ತಾಳ ತಡವಾಗಿ, ತೀರಿಕೊಂಡವರ ಹಾಗೆಯೇ.