ಕಾಕಾನ ಒನ್ಸ್ ಮೋರ್

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಅವರಂಥ ಸಂಗೀತಪ್ರೇಮಿ ಬೈಲಹೊಂಗಲದಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಅವರ ಮನೆಯವರು ದಯವಿಟ್ಟು ನನ್ನನ್ನು ಕಾಣಲಿ. ಇಬ್ಬರೂ ಕೂಡಿ ತಲೆ ತಗ್ಗಿಸಿಕೊಂಡು ಕೂರೋಣ!

ಕಾಕಾ ಕೂರುವುದು ಯಾವಾಗಲೂ ಕೊನೇ ಸಾಲಿನಲ್ಲಿ. ಚೆನ್ನಾಗಿ ಹಾಡಿದರೆ ತುಟಿ ಪಿಟ್ಟೆನ್ನುವುದಿಲ್ಲ. ಯಾರದಾದರೂ ಗಂಟಲು ಕೈಕೊಟ್ಟಿತೋ, ಎದ್ದು ನಿಂತು ಕೂಗುತ್ತಾರೆ: "ಒನ್ಸ್ ಮೋರ್!"

ಮನೋಳಿಯ ಭಜನೆಯಲ್ಲಿ ಶ್ರುತಿ ಬಿಟ್ಟು ಅಲೆಯುತ್ತಿದ್ದ ಹಿರಿಯರೊಬ್ಬರಿಗೆ ಹೀಗೇ ಕೂಗಿದರು. ಆ ಪುಣ್ಯಾತ್ಮರು ಖುಷಿಯಾಗಿ ಅದೇ ಭಜನೆಯ ಹಾಡನ್ನು ಮೊದಲಿನಿಂದ ಎತ್ತಿಕೊಂಡರು! ಮಂದಿ ತಿರುಗಿ ದುರುಗುಟ್ಟಿದ್ದು ಕಾಕಾನನ್ನಲ್ಲ, ಪಕ್ಕದಲ್ಲಿದ್ದ ನನ್ನನ್ನು. ಕಿತ್ತೂರಿನ ಆರ್ಕೆಸ್ಟ್ರಾದಲ್ಲೂ ಅದೇ ಕಥೆ. ನಮ್ಮ ಕಾಲೇಜಿನ ಗ್ಯಾದರಿಂಗಿನಲ್ಲಿ ರ್‍ಯಾಪ್ ಹಾಡುತ್ತ ಉಸಿರು ಸಾಲದೆ ನಿಂತ ನನ್ನ ಗೆಳತಿಗೂ ಒನ್ಸ್ ಮೋರ್ ಬಿತ್ತು. ಅವಳು ಇನ್ನೂ ನನ್ನ ಜೊತೆ ಮಾತಾಡಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಸುಮ್ಮನಿರಲಾದೀತೆ?

"ಕಾಕಾ, ಭಜನಿ ಇರಲಿ, ರ್‍ಯಾಪ್ ಇರಲಿ, ಛಲೋ ಹಾಡಿಗೆ ಒಂದು ಅಳತಿ ಬೇಕಲ್ರಿ? ಶ್ರುತಿ, ಲಯ, ಸಾಹಿತ್ಯ..."

"ಐತಿ ತಗೋ. ಹಾಡು ಮುಗದ ಮ್ಯಾಲೆ ಮಾತ ಬರಬಾರದು. ಅದ ಛಲೋ ಹಾಡು."

"ಮತ್ತ ಕೆಟ್ಟ ಹಾಡಿಗೆ ಒನ್ಸ್ ಮೋರ್ ಯಾಕ್ರಿ?"

"ಛಲೋ ಹಾಡಿದವರಿಗೆ ಇನ್ನೇನ ಬೇಕವಾ? ಕೆಟ್ಟಾಂವ ಹಂಗ ಮನಿಗೆ ಹೋದ್ರ ಅಂವಗ ಊಟ ಸೇರತೈತೇನು?"

ಇದು ತರ್ಕವೇ? ನೀವೇ ಹೇಳಿ! ನನ್ನ ಚರ್ಚಾಸ್ಪರ್ಧೆಯ ನಿರ್ಣಾಯಕರಾಗಿದ್ದರೆ ಸೊನ್ನೆ ಕೊಟ್ಟು ಕೂರಿಸುತ್ತಿದ್ದರು.

ಮೊನ್ನೆ ಅಣ್ಣ-ವೈನಿಯ ಮಗಳನ್ನು ತೊಟ್ಟಿಲಿಗೆ ಹಾಕಿದರು. ಜೋಗುಳ ಹಾಡಿ, ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಪಾಲು. ಅಂದರೆ ನನ್ನದು! ಬೆಳಿಗ್ಗೆಯೇ ಕಾಕಾನಿಗೆ ತಾಕೀತು ಮಾಡಿದೆ.

"ವೈನಿ ತವರಮನಿಯವರು ಸಂಗೊಳ್ಳಿಯಿಂದ ಬರಾಕತ್ತಾರ. ಇವತ್ತೊಂದಿನ ಬಾಯಿ ಮುಚ್ಚಿಕೊಂಡು ಕುಂದರ್ರಿ ಕಾಕಾ. ನಿಮ್ಮಿಂದ ನಾಚಿಕಿ ಬರತೈತಿ."

ಅವರ ಮುಖ ಒಂಚೂರು ಸಣ್ಣದಾಯಿತು. "ಆತವಾ," ಎಂದರು.

ಶ್ರುತಿ, ಲಯ ಎಲ್ಲ ಬಲ್ಲ ನಾನು ಜೋಗುಳವನ್ನು ಆಕಾಶದೆತ್ತರದ ದನಿಯಿಂದ ಶುರು ಮಾಡಿದೆ. ಎರಡನೇ ಸಾಲಿಗೆ ದನಿ ಒಡೆಯಿತು, ಮೂರನೆಯದು ಮರೆತೇಹೋಯಿತು. ಕೂಸು ಕಿಟಾರನೆ ಕಿರುಚಿತು. ಬೀಗರ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. "ಭಾಷಣ ಮಾಡಾಕಿ ಅಲ್ಲೇನ ಇಕಿ? ಕೂಸಿಗೂ ಭಾಷಣನ ಮಾಡವಾ!" ಕೂಸನ್ನು ಎತ್ತಿ ತೊಟ್ಟಿಲಲ್ಲಿ ನಾನೇ ಅಡಗಿಕೊಳ್ಳಲೇ ಅನ್ನಿಸಿತು.

ಕಾಕಾನತ್ತ ನೋಡಿದೆ. ಎದ್ದು ನಿಂತಿದ್ದಾರೆ! ಆದರೆ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೊತ್ತಿ ಹಿಡಿದುಕೊಂಡಿದ್ದಾರೆ. ನನಗೆ ಕೊಟ್ಟ ಮಾತು ಅಲ್ಲವೇ? ಕಣ್ಣು ಮಾತ್ರ ಒದ್ದಾಡುತ್ತಿತ್ತು.

"ಕಾಕಾ," ಎಂದೆ. "ಅನ್ರಿ."

ಟವೆಲ್ಲು ಕೆಳಗಿಳಿಯಿತು. "ಒನ್ಸ್ ಮೋರ್!"

ಈ ಸಲ ಕೆಳಗಿನ ದನಿಯಿಂದ ಎತ್ತಿಕೊಂಡೆ. ಕೂಸು ಮಲಗಿತೋ, ನನ್ನ ಕಾಟಕ್ಕೆ ಬೇಸತ್ತು ಸುಮ್ಮನಾಯಿತೋ, ಸಾಕ್ಷ್ಯವಿಲ್ಲದೆ ಹೇಳಲಾರೆ. ಹೆಸರು ಹೇಳಿ, ತಲೆ ಎತ್ತಿ ಕೊನೇ ಸಾಲಿನತ್ತ ನೋಡಿದೆ.

ಕಾಕಾ ತುಟಿ ಪಿಟ್ಟೆನ್ನಲಿಲ್ಲ.